ಮಧ್ಯದಲ್ಲಿ ಮಲಗೋ ಪುಟ್ಟ

ಭಾನುವಾರ, 10 ಆಗಸ್ಟ್ 2025, ರಾತ್ರಿ 10.50

ಅತ್ತೆ ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ಮೈಸೂರಿಂದ ಬಂದೋರು ಇನ್ನೂ ಇದಾರೆ. ನಿನ್ನೆ ಪಕ್ಕದ ಮನೆ ಹುಡುಗಿ ತಮ್ಮಂಗೆ ರಾಖಿ ಕಟ್ಟೋದು ನೋಡಿದ್ದೇ ತಡ, "ನಮ್ ಪುಟ್ಟಂಗೂ ಒಂದು ತಂಗಿ ಬೇಡ್ವೇನಮ್ಮಾ, ಆರತಿಗೊಬ್ಬಳು ಕೀರ್ತಿಗೊಬ್ಬ ಅಂತ ಸುಮ್ನೆ ಹೇಳ್ತಾರಾ" ಅಂತ ಶುರು ಹಚ್ಕೊಂಡ್ರು. ನಾನೇನು ಬೇಡ ಅಂದಿಲ್ಲ. ಸಿಸೇರಿಯನ್ ಆಗಿದ್ದಕ್ಕೆ ಡಾಕ್ಟ್ರು ಎರಡು ವರ್ಷ ಗ್ಯಾಪ್ ಇರ್ಲಿ ಅಂದಿದ್ರು, ಈಗ ಪುಟ್ಟಂಗೆ ಎರಡೂ ಮುಕ್ಕಾಲು, ನಾವಿಬ್ರೂ ರೆಡಿ, ಒಪ್ಪದೇ ಇರೋನು ಮಾತ್ರ ದಿನಾ ರಾತ್ರಿ ನಮ್ಮಿಬ್ರ ಮಧ್ಯೆ ಅಡ್ಡಡ್ಡ ಮಲಗಿರ್ತಾನೆ, ತಲೆ ನನ್ನ ಪಕ್ಕೆಗೆ, ಕಾಲು ಅವರಪ್ಪನ ಮೂಗಿಗೆ, ಒಂದು ಕೈ ನನ್ನ ಕಿವಿ ಹಾಲೆ ಮೇಲೆ. ಮೆಲ್ಲಗೆ ಬಿಡಿಸ್ಕೊಂಡ್ರೆ ಐದೇ ನಿಮಿಷ, ಎದ್ದು ಕೂತು "ಅಮ್ಮಾ, ಕಿವಿ" ಅಂತಾನೆ.

2014ರಲ್ಲಿ ಹಾರ್ವರ್ಡ್‌ನ ಡೇವಿಡ್ ಹೇಗ್ ಅನ್ನೋ ಜೀವವಿಜ್ಞಾನಿ ಇದಕ್ಕೊಂದು ವಾದ ಮುಂದಿಟ್ಟಿದ್ರು. ಮಗು ರಾತ್ರಿ ಎದ್ದೆದ್ದು ಹಾಲು ಕುಡಿದಷ್ಟೂ ಅಮ್ಮನ ದೇಹದಲ್ಲಿ ಅಂಡಾಣು ಬಿಡುಗಡೆ ಆಗೋದು ತಡವಾಗುತ್ತೆ, ಅಂದ್ರೆ ತಮ್ಮನೋ ತಂಗಿಯೋ ಬರೋದೂ ತಡ, ಹಾಲಿಗೆ ಪಾಲುದಾರರಿಲ್ಲ, ಹಂಗಾಗಿ ಈ ಎದ್ದೇಳೋ ಬುದ್ಧಿ ಮಕ್ಕಳಿಗೆ ವಿಕಾಸದಲ್ಲೇ ಬಂದಿರಬಹುದು ಅಂತ. ಎಲ್ರೂ ಒಪ್ಪಿಲ್ವಂತೆ. ನಾನಂತೂ ಓದಿದ ಕೂಡ್ಲೇ ಒಪ್ಪಿದೆ. ಹಾಲು ಬಿಡಿಸಿ ಎಂಟು ತಿಂಗಳಾದ್ರೂ ಇವನು ಡ್ಯೂಟಿ ಬಿಟ್ಟಿಲ್ವಲ್ಲ! (ಅತ್ತೆಗೆ ಆರು ಜನ ಒಡಹುಟ್ಟಿದೋರು, ಎಲ್ರೂ ಒಂದೇ ನಡುಮನೇಲಿ ಚಾಪೆ ಹಾಸ್ಕೊಂಡು ಮಲಗ್ತಿದ್ರಂತೆ, ಅವರಪ್ಪ ಅಮ್ಮ ಹೆಂಗೆ ಮ್ಯಾನೇಜ್ ಮಾಡಿದ್ರೋ, ಕೇಳೋಕೆ ಧೈರ್ಯ ಇಲ್ಲ.)

ನಿನ್ನೆ ರಾತ್ರಿ ಕಿವಿ ಬದಲು ನನ್ನ ಹಳೇ ಕಾಟನ್ ಸೀರೆ ಸೆರಗು ಕೈಗಿಟ್ಟು ಎದ್ವಿ. ಹಾಲ್‌ನಲ್ಲಿ ಅತ್ತೆ, ಉಳಿದಿದ್ದು ಅಡುಗೆಮನೆ ಒಂದೇ. ಲೈಟ್ ಹಾಕಿಲ್ಲ. ಎಷ್ಟು ದಿನ ಆಗಿತ್ತೋ ಇಬ್ರೇ ಕೂತು, ಸಿಲಿಂಡರ್ ಪಕ್ಕ ನೆಲದಲ್ಲಿ ಕೂತು ಡಬ್ಬಿಯಿಂದ ಹಬ್ಬದ ಒಬ್ಬಟ್ಟು ಮುರ್ಕೊಂಡು ತಿಂತಾ ಪಿಸಪಿಸ ನಗ್ತಾ ಇದ್ವಿ, ಇವ್ರು ಇನ್ನೇನು ನನ್ನ ಹೆಗಲ ಮೇಲೆ ಕೈ ಹಾಕ್ಬೇಕು, ಬಾಗಿಲಲ್ಲಿ ಸೆರಗು ಎಳ್ಕೊಂಡು ನಿಂತಿದಾನೆ ಯಜಮಾನ. "ನಂಗೂ ಒಬ್ಬಟ್ಟು." ತುಪ್ಪ ಬೇರೆ ಬೇಕಂತೆ.

ಅಲ್ಲಿಗೇ ಮುಗೀತಾ ಅಂದ್ರೆ ಇಲ್ಲ. ಬೆಳಗ್ಗೆ ದೋಸೆ ಹುಯ್ತಿದ್ದ ಅತ್ತೆಗೆ ವರದಿ ಒಪ್ಪಿಸಿದ, "ಅಜ್ಜೀ, ಅಪ್ಪ ಅಮ್ಮ ರಾತ್ರಿ ಕತ್ಲಲ್ಲಿ ಇಲ್ಲೇ ಇದ್ರು." ಅತ್ತೆ ದೋಸೆ ಮಗುಚಿದೋರು ಮತ್ತೆ ಮಗುಚಿದ್ರು, ಮೂರನೇ ಸಲಾನೂ ಮಗುಚಿದ್ರು. ಆಮೇಲೆ ನನ್ನ ಮುಖ ನೋಡ್ದೇನೇ, "ಇವತ್ತಿಂದ ಪುಟ್ಟ ನನ್ ಹತ್ರ ಮಲಗ್ಲಿ ಬಿಡಮ್ಮ" ಅಂದ್ರು. ಒಲೆ ಒಳಗೇ ಹೋಗ್ಬಿಡೋಣ ಅನ್ನಿಸ್ತು ನಂಗೆ.

ಅಂತೂ ಈಗ ಪುಟ್ಟ ಹಾಲ್‌ನಲ್ಲಿದಾನೆ. ಮಂಚದ ಅರ್ಧ ಖಾಲಿ ಇದೆ. ಇವ್ರು ದಿಂಬಿಗೆ ತಲೆ ಕೊಟ್ಟ ಎರಡು ನಿಮಿಷಕ್ಕೆ ಗೊರಕೆ ಶುರು, ಮೂರು ವರ್ಷದ ನಿದ್ದೆ ಬಾಕಿ ಇದೆಯಲ್ಲ ಪಾಪ. ನಾನು ಇದನ್ನ ಟೈಪ್ ಮಾಡ್ತಾ ಕೂತಿದೀನಿ, ಆ ಕಡೆಯಿಂದ ಅತ್ತೆ ಕಿವಿ ಹಿಡ್ಕೋ ಅಂತಿರೋದೂ, "ಅಜ್ಜಿ ಕಿವಿ ಬೇಡ, ಓಲೆ ಚುಚ್ಚುತ್ತೆ" ಅಂತ ಅವನು ರಾಗ ಎಳೀತಿರೋದೂ ಕೇಳಿಸ್ತಿದೆ.