ಪೇಪರ್ ಟೌನ್ ಕಡೆ ಮನೆ ತಗೋಬಹುದಾ?

ಭದ್ರಾವತಿಯಲ್ಲಿ ಮನೆ ನೋಡುತ್ತಿದ್ದೇವೆ ಅಂದ ಕೂಡಲೇ ಎರಡು ಥರದ ಮಾತು ಬರುತ್ತದೆ. ಬೆಂಗಳೂರಿನವರು "ಅಲ್ಲೇನಿದೆ ಈಗ?" ಅಂತಾರೆ. ಭದ್ರಾವತಿಯವರು "ಈಗಲೇ ತಗೊಂಡುಬಿಡಿ, ಫ್ಯಾಕ್ಟರಿ ಶುರುವಾದರೆ ಮುಟ್ಟೋಕಾಗಲ್ಲ" ಅಂತಾರೆ. ಎರಡನ್ನೂ ಕೇಳಿ ಕೇಳಿ ಸಾಕಾಗಿದೆ. ನನ್ನ ಪ್ರಕಾರ ಎರಡೂ ಮನೆಯ ಬಗ್ಗೆ ಆಡಿದ ಮಾತೇ ಅಲ್ಲ, ಫ್ಯಾಕ್ಟರಿ ಬಗ್ಗೆ ಆಡಿದ್ದು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಊರು ಬೆಳೆದದ್ದೇ ಎರಡು ಕಾರ್ಖಾನೆಯಿಂದ. 1923ರಲ್ಲಿ ಕಬ್ಬಿಣದ ಕಾರ್ಖಾನೆ, ಅಂದರೆ ಈಗಿನ ವಿಶ್ವೇಶ್ವರಯ್ಯ ಉಕ್ಕಿನ ಕಾರ್ಖಾನೆ, ವಿಐಎಸ್‌ಎಲ್. 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಮೈಸೂರು ಪೇಪರ್ ಮಿಲ್ಸ್, ಅಂದರೆ ಎಂಪಿಎಂ. ಎಂಪಿಎಂ ಸುತ್ತ ಎದ್ದದ್ದೇ ಪೇಪರ್ ಟೌನ್. ಸುಮಾರು 2015ರಿಂದ ಅಲ್ಲಿ ಯಂತ್ರ ತಿರುಗಿಲ್ಲ. ವಿಐಎಸ್‌ಎಲ್ ಕಥೆ ಇನ್ನೂ ಎಳೆದಾಟದ್ದು. ಕೆಮ್ಮಣ್ಣುಗುಂಡಿಯ ಅದಿರು ನಿಂತ ಮೇಲೆ ಸ್ವಂತ ಗಣಿ ಅಂತ ಕೈಗೆ ಹತ್ತಲಿಲ್ಲ. 2023ರ ಜನವರಿಯಲ್ಲಿ ಅದರ ಒಡೆತನದ ಕೇಂದ್ರ ಸರ್ಕಾರಿ ಉಕ್ಕು ಕಂಪನಿ ಸೈಲ್‌ನ ಆಡಳಿತ ಮುಚ್ಚುವ ತೀರ್ಮಾನ ಮಾಡಿತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು, ಅದೇ ವರ್ಷ ಸ್ವಲ್ಪ ಕೆಲಸ ಮತ್ತೆ ಶುರುವಾಯಿತು. ಮುಚ್ಚಿದೆಯಾ ಅಂದರೆ ಇಲ್ಲ, ನಡೀತಿದೆಯಾ ಅಂದರೆ ಅದೂ ಇಲ್ಲ. 2001ರ ಜನಗಣತಿಗಿಂತ 2011ರಲ್ಲಿ ಊರಿನ ಜನಸಂಖ್ಯೆ ಕಡಿಮೆ. ಕರ್ನಾಟಕದ ಎಷ್ಟು ಊರುಗಳ ಬಗ್ಗೆ ಹೀಗೆ ಹೇಳಬಹುದು ಹೇಳಿ.

ಹಾಗಾದರೆ ಮನೆ ರೇಟು ಪಾತಾಳಕ್ಕೆ ಇಳಿದಿರಬೇಕು ಅಲ್ವಾ? ಇಲ್ಲ. ಇದೇ ನಮಗೆ ಆಶ್ಚರ್ಯ ಆಗಿದ್ದು. ಮಾರುವವರು ಯಾರೂ ಅವಸರದಲ್ಲಿಲ್ಲ. ಮನೆ ಕಟ್ಟಿದ್ದು ಅಪ್ಪ, ನಿವೃತ್ತಿ ದುಡ್ಡಲ್ಲಿ. ಮಕ್ಕಳು ಬೆಂಗಳೂರಲ್ಲೋ ಪುಣೆಯಲ್ಲೋ ಇದ್ದಾರೆ. ಮನೆಗೆ ಬೀಗ. ಪ್ರತಿ ಚುನಾವಣೆಗೆ ಒಂದು ಸುದ್ದಿ ಬರುತ್ತದೆ, ಸಚಿವರು ಬಂದು ಕಾರ್ಖಾನೆ ನೋಡಿ ಹೋಗುತ್ತಾರೆ, ಕೇಳುವ ರೇಟು ಎರಡು ಲಕ್ಷ ಮೇಲೆ ಹೋಗುತ್ತದೆ. ವಿಮಾನ ನಿಲ್ದಾಣದ್ದೂ ಅದೇ ಕಥೆ. 2023ರ ಫೆಬ್ರವರಿಯಲ್ಲಿ ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ನಿಲ್ದಾಣ ಉದ್ಘಾಟನೆ ಆಗಿದ್ದೇ ಆಗಿದ್ದು, ಶಿವಮೊಗ್ಗ ರಸ್ತೆಯಲ್ಲಿ ಕಲ್ಲು ನೆಟ್ಟಿರುವ ಗದ್ದೆಗೆಲ್ಲ "ಏರ್‌ಪೋರ್ಟ್ ಹತ್ತಿರ" ಅಂತ ಬೋರ್ಡು. ಹೀಗೆ ಕೇಳುವ ರೇಟಿನಲ್ಲಿ ಅರ್ಧ ಮನೆಗೆ, ಅರ್ಧ ಸುದ್ದಿಗೆ. ಸುದ್ದಿಗೆ ನಾನು ದುಡ್ಡು ಕೊಡಲ್ಲ.

ನಿಜವಾದ ರೇಟು ಬೇಕಿದ್ದರೆ ಬ್ರೋಕರ್ ಬಿಟ್ಟು ಇಸಿ, ಅಂದರೆ ಋಣಭಾರ ಪ್ರಮಾಣಪತ್ರ ನೋಡಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಅದೇ ಬೀದಿಯ ಒಂದೆರಡು ಮನೆಗಳ ಇಸಿ ತೆಗೆದರೆ ಯಾವ ವರ್ಷ ಎಷ್ಟಕ್ಕೆ ರಿಜಿಸ್ಟರ್ ಆಗಿದೆ ಅನ್ನೋದು ಸಿಗುತ್ತದೆ. (ಕಾಗದದಲ್ಲಿ ಬರೆದದ್ದಕ್ಕೂ ಕೈಗೆ ಕೊಟ್ಟದ್ದಕ್ಕೂ ವ್ಯತ್ಯಾಸ ಇರುತ್ತದೆ ಅನ್ನೋದು ಯಾರಿಗೂ ಹೇಳಬೇಕಿಲ್ಲ.) ನಾನು ರೇಟಿಗಿಂತ ಜಾಸ್ತಿ ನೋಡುವುದು ತಾರೀಖು. ಆ ಬೀದಿಯಲ್ಲಿ ವರ್ಷಗಟ್ಟಲೆ ಒಂದೂ ಮನೆ ಕೈ ಬದಲಾಗಿಲ್ಲ ಅಂದರೆ, ನಾಳೆ ನಮಗೆ ಮಾರಬೇಕಾದಾಗಲೂ ಕೊಳ್ಳುವವರು ಇರುವುದಿಲ್ಲ.

ಒಂದು ಮನೆ ಹೇಳುತ್ತೇನೆ. ಹಳೇ ಕಾಲದ್ದು, ಸಾಗುವಾನಿ ಬಾಗಿಲು, ಒಂದು ಕಡೆಯೂ ಗೆದ್ದಲು ಮುಟ್ಟಿಲ್ಲ. ಹಿತ್ತಲಲ್ಲಿ ಎರಡು ತೆಂಗು, ಒಂದು ನುಗ್ಗೆ. ಒಳಗೆ ಹೋದರೆ ಗೋಡೆಯಲ್ಲಿ ನೆಲದಿಂದ ಮೊಣಕಾಲ ಮಟ್ಟದವರೆಗೆ ಸುಣ್ಣ ಉಬ್ಬಿ ಪುಡಿ ಉದುರುತ್ತಿದೆ. ಮಲೆನಾಡಿನ ಸೆರಗು ಅಲ್ವಾ, ಬೀಗ ಹಾಕಿಟ್ಟ ಮನೆ ನಾಲ್ಕು ಮಳೆಗಾಲ ಕಂಡರೆ ಇದೇ ಗತಿ. ಹೊಸದಾಗಿ ಬಣ್ಣ ಹೊಡೆದಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಅದಕ್ಕೇ ಹಳೇ ಕರೆಂಟ್ ಬಿಲ್ ಕೇಳಿ. ಯೂನಿಟ್ ನೋಡಿದರೆ ಮನೆ ಎಷ್ಟು ದಿನ ಖಾಲಿ ಇತ್ತು ಅಂತ ಗೊತ್ತಾಗುತ್ತದೆ.

ಪಕ್ಕದ ಮನೆಯ ಹಿರಿಯರು, ಎಂಪಿಎಂನಲ್ಲೇ ನಿವೃತ್ತರಾದವರು, ಗೇಟಿನ ಹತ್ತಿರ ನಿಂತಿದ್ದರು. "ಯಜಮಾನ್ರೇ, ಇಲ್ಲಿ ಇರೋಕೆ ಹೇಗೆ?" ಅಂದೆ. "ನೋಡಮ್ಮಾ, ಮೊದಲು ಗಾಳಿ ಈ ಕಡೆ ಬೀಸಿದರೆ ಕೊಳೆತ ಮೊಟ್ಟೆ ವಾಸನೆ. ಈಗ ಗಾಳಿ ಚೆನ್ನಾಗಿದೆ. ಸಂಬಳ ಇಲ್ಲ ಅಷ್ಟೇ" ಅಂದರು. ಆಮೇಲೆ ಅವರೇ ಒಂದು ಒಳ್ಳೆ ಮಾತು ಹೇಳಿದರು: ರಾತ್ರಿ ಎಂಟು ಗಂಟೆಗೆ ಬಂದು ನೋಡಿ, ಎಷ್ಟು ಮನೆಯಲ್ಲಿ ಲೈಟು ಉರಿಯುತ್ತೆ ಅಂತ. ಹೋಗಿ ನೋಡಿದೆವು. ಒಂದು ಬೀದಿ ಪೂರ್ತಿ ಕತ್ತಲು. ಅದರ ಹಿಂದಿನ ಬೀದಿಯಲ್ಲಿ ಮಕ್ಕಳು ಶಟಲ್ ಆಡುತ್ತಿದ್ದರು, ಮೆಡಿಕಲ್ ಶಾಪಿನಲ್ಲಿ ಜನ ಇದ್ದರು. ಪೇಪರ್ ಟೌನ್ ಬಿದ್ದು ಹೋಗಿದೆ ಅಂತ ಒಟ್ಟಾಗಿ ಹೇಳುವುದು ತಪ್ಪು, ಬೀದಿ ಬೀದಿಗೂ ವ್ಯತ್ಯಾಸ ಇದೆ.

ಕಾಗದ ಪತ್ರದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ಕ್ವಾರ್ಟರ್ಸ್ ಕಂಪನಿಯದ್ದು, ಅದರಲ್ಲಿ ವಾಸ ಇರುವವರು ಅದನ್ನು ಮಾರುವ ಹಾಗಿಲ್ಲ. "ಸ್ವಾಧೀನ ಬಿಟ್ಟುಕೊಡ್ತೀವಿ" ಅಂದರೆ ಎದ್ದು ಬನ್ನಿ. ಸ್ವಂತ ಮನೆಯಾದರೆ ಅಪ್ಪನ ಹೆಸರಿನಲ್ಲೇ ಖಾತೆ ನಿಂತಿರುವುದೇ ಜಾಸ್ತಿ. ವಂಶವೃಕ್ಷ ತರಿಸಿ, ಹೆಣ್ಣುಮಕ್ಕಳೂ ಸೇರಿ ಎಲ್ಲರ ಸಹಿ ಬೇಕು. ಅಮೆರಿಕದಲ್ಲಿರುವ ತಂಗಿ "ನನ್ನದೇನೂ ತಕರಾರಿಲ್ಲ" ಅಂತ ಫೋನಿನಲ್ಲಿ ಹೇಳಿದ್ದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನಡೆಯಲ್ಲ. ಸೈಟ್ ಆದರೆ ಕೃಷಿ ಜಮೀನು ವಾಸಕ್ಕೆ ಅಂತ ಕನ್ವರ್ಷನ್ ಆಗಿದೆಯಾ, ಲೇಔಟಿಗೆ ಶಿವಮೊಗ್ಗ-ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇದೆಯಾ, ಇ-ಖಾತೆ ಬಂದಿದೆಯಾ, ಇಷ್ಟು ಮೊದಲು. ಉಳಿದದ್ದು ವಕೀಲರು ನೋಡಲಿ.

ಬಾಡಿಗೆಗೆ ಕೊಟ್ಟು ದುಡ್ಡು ಮಾಡೋಣ ಅನ್ನುವವರಿಗೆ ಒಂದೇ ಲೆಕ್ಕ. ನಮಗೆ ಹೇಳಿದ ರೇಟು 30 ಲಕ್ಷ. ಅಂಥ ಮನೆಗೆ ಅಲ್ಲಿ ಬಾಡಿಗೆ 6 ಸಾವಿರ ಬಂದರೆ ಪುಣ್ಯ. ವರ್ಷಕ್ಕೆ 72 ಸಾವಿರ, ಅಂದರೆ ನೂರಕ್ಕೆ ಎರಡೂವರೆಯೂ ಇಲ್ಲ. ಸುಮ್ನೆ ಬ್ಯಾಂಕಲ್ಲಿ ಎಫ್‌ಡಿ ಇಟ್ಟರೂ ಇದಕ್ಕಿಂತ ಜಾಸ್ತಿ. ಜೊತೆಗೆ ರಿಜಿಸ್ಟ್ರೇಷನ್ ಫೀ ಬೇರೆ 2025ರ ಆಗಸ್ಟ್ ಕೊನೆಯಿಂದ ಒಂದರಿಂದ ಎರಡು ಪರ್ಸೆಂಟ್ ಆಗಿದೆ.

ಆದರೂ ನಾವು ಯಾಕೆ ನೋಡುತ್ತಿದ್ದೇವೆ? ಇರೋಕೆ. ನಮ್ಮನೆಯವರಿಗೆ ಇನ್ನು ಸ್ವಲ್ಪ ವರ್ಷದಲ್ಲಿ ನಿವೃತ್ತಿ. ಪಕ್ಕದಲ್ಲೇ ಭದ್ರಾ ಹೊಳೆ, ಬೆಂಗಳೂರಿನ ಹಾಗೆ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯಬೇಕಿಲ್ಲ. ದೊಡ್ಡ ಆಸ್ಪತ್ರೆ ಬೇಕೆಂದರೆ ಶಿವಮೊಗ್ಗ ಸುಮಾರು 20 ಕಿಲೋಮೀಟರ್, ಬಸ್ಸಿಗೆ ಬರವಿಲ್ಲ. ಬೆಂಗಳೂರಿಗೆ ರೈಲಿದೆ. ಎರಡು ಕಾರ್ಖಾನೆಯೂ ಇನ್ನು ಯಾವತ್ತೂ ತೆರೆಯಲ್ಲ, ಮನೆಯ ಬೆಲೆ ಒಂದು ರೂಪಾಯಿಯೂ ಏರಲ್ಲ ಅಂತಲೇ ಇಟ್ಟುಕೊಂಡು ಕೂತು ಮಾತಾಡಿದೆವು. ಆಗಲೂ ಇಬ್ಬರಿಗೂ ಅಲ್ಲಿ ಇರಬೇಕು ಅನ್ನಿಸಿತು. ಹಾಗೆ ಅನ್ನಿಸದವರು ಶಿವಮೊಗ್ಗದಲ್ಲೇ ಚಿಕ್ಕದೊಂದು ನೋಡಿಕೊಳ್ಳುವುದು ವಾಸಿ.

ಆ ಸಾಗುವಾನಿ ಬಾಗಿಲಿನ ಮನೆಗೆ ಗೋಡೆ ರಿಪೇರಿ ಖರ್ಚು ಕಳೆದು 22 ಲಕ್ಷ ಹೇಳಿ ಬಂದಿದ್ದೇವೆ. ಮಾಲೀಕರ ಮಗ "ಫ್ಯಾಕ್ಟರಿದು ಏನಾಗುತ್ತೋ ನೋಡಿ ಹೇಳ್ತೀನಿ ಮೇಡಂ" ಅಂದಿದ್ದಾರೆ. ಅಲ್ಲೀವರೆಗೆ ಕಾಯೋಕಾಗಲ್ಲ. ಊರಲ್ಲೇ ಹೊಸಮನೆ ಬಡಾವಣೆ ಕಡೆ ಇನ್ನೊಂದು ಇದೆಯಂತೆ, ಖಾತೆ ಯಾರ ಹೆಸರಲ್ಲಿದೆ ಅಂತ ವಿಚಾರಿಸುತ್ತಿದ್ದೇವೆ.