ಮೊಲದ ಚಿತ್ರ ನೋಡಿ ನಂಬುವ ಮುನ್ನ

‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂದು ಸೂಚಿಸಲು ಶಾಂಪೂ ಬಾಟಲಿಯ ಮೇಲೆ ಹಾಕುವುದು ಮೊಲದ ಚಿತ್ರವನ್ನೇ ಯಾಕೆ? 1944ರಲ್ಲಿ ಪ್ರಕಟವಾದ ಡ್ರೇಜ್ ಪರೀಕ್ಷೆಯಿಂದಾಗಿ. ಈ ಪರೀಕ್ಷೆಯ ಈಗಿನ ಕ್ರಮ ಹೀಗಿದೆ: ಮೊಲದ ಒಂದು ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು 0.1 ಮಿಲಿಲೀಟರ್ ದ್ರವ ಬಿಟ್ಟು, ರೆಪ್ಪೆಗಳನ್ನು ಸುಮಾರು ಒಂದು ಸೆಕೆಂಡ್ ಮುಚ್ಚಿ ಹಿಡಿಯುತ್ತಾರೆ. ಇನ್ನೊಂದು ಕಣ್ಣನ್ನು ಹೋಲಿಸಿ ನೋಡಲು ಹಾಗೇ ಬಿಡುತ್ತಾರೆ. ಒಂದು ಗಂಟೆಯಾದ ಮೇಲೆ, ಅನಂತರ 24, 48, 72 ಗಂಟೆಗಳಾದಾಗ ಕಣ್ಣು ಎಷ್ಟು ಕೆಂಪಾಗಿದೆ, ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಎಷ್ಟು ಮಸುಕಾಗಿದೆ ಎಂದು ಅಂಕ ಹಾಕುತ್ತಾರೆ. ವಾಸಿಯಾಗುತ್ತದೋ ಇಲ್ಲವೋ ಎಂದು ತಿಳಿಯಲು 21 ದಿನದವರೆಗೂ ಕಾಯುವುದುಂಟು. ಕೊಳ್ಳುವವರು ‘ಇದರಲ್ಲಿ ನನ್ನ ಪಾಲು ಬೇಡ’ ಎನ್ನುವುದು ಇಂಥದ್ದಕ್ಕೆ. ಆದ್ದರಿಂದ ಮೊಲದ ಚಿತ್ರವನ್ನು ಸುಮ್ಮನೆ ನಂಬಿಬಿಡಬಾರದು.

ಯಾವುದೋ ಒಂದು ಮೊಲವನ್ನು ಲೇಬಲ್ಲಿನ ಮೇಲೆ ಬರೆದುಕೊಳ್ಳಲು ಹೆಚ್ಚಿನ ಕಡೆ ಯಾರ ಅಪ್ಪಣೆಯೂ ಬೇಕಿಲ್ಲ. ಅಮೆರಿಕದಲ್ಲಿ ‘ಕ್ರುಯಲ್ಟಿ ಫ್ರೀ’ (ಕ್ರೌರ್ಯವಿಲ್ಲದ್ದು), ‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂಬ ಮಾತುಗಳಿಗೆ ಕಾನೂನಿನ ವ್ಯಾಖ್ಯೆಯೇ ಇಲ್ಲವೆಂದು ಅಲ್ಲಿನ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ತಾನೇ ಹೇಳುತ್ತದೆ. ಯುರೋಪಿಯನ್ ಒಕ್ಕೂಟದ ಸೌಂದರ್ಯವರ್ಧಕ ಕಾನೂನು ಬಿಗಿ: ತಯಾರಕರಾಗಲಿ ಅವರಿಗೆ ಸಾಮಗ್ರಿ ಪೂರೈಸುವವರಾಗಲಿ ಸಿದ್ಧವಸ್ತುವಿನ ಮೇಲೆ, ಅದರ ಮಾದರಿಯ ಮೇಲೆ, ಅದರೊಳಗಿನ ಯಾವುದೇ ಘಟಕದ ಮೇಲೆ ಪ್ರಾಣಿ ಪರೀಕ್ಷೆ ಮಾಡಿರಬಾರದು, ಮಾಡಿಸಿಯೂ ಇರಬಾರದು, ಆಗ ಮಾತ್ರ ಹಾಗೆ ಬರೆದುಕೊಳ್ಳಬಹುದು. ಈ ವಾಕ್ಯವನ್ನು ಚೆನ್ನಾಗಿ ನೆನಪಿಡಿ. ಕಂಪನಿಗೆ ಏನೇನು ಕೇಳಬೇಕು ಎಂಬುದೆಲ್ಲ ಇದರಲ್ಲೇ ಇದೆ.

ಮೊದಲು ನೋಡಬೇಕಾದದ್ದು ಮಾತಿನ ವ್ಯಾಪ್ತಿ. ‘ಈ ಸಿದ್ಧವಸ್ತುವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂಬುದು ಪೂರ್ತಿ ನಿಜವಾಗಿದ್ದೂ ಉಪಯೋಗಕ್ಕೆ ಬಾರದಿರಬಹುದು, ಯಾಕೆಂದರೆ ಪ್ರಯೋಗಗಳು ಹೆಚ್ಚಾಗಿ ನಡೆಯುವುದು ಘಟಕಗಳ ಮೇಲೆ. ‘ನಾವು ಪರೀಕ್ಷಿಸುವುದಿಲ್ಲ’ ಎಂಬುದೂ ಅಷ್ಟೇ. ಹೊರಗಿನ ಪ್ರಯೋಗಾಲಯಕ್ಕೆ ದುಡ್ಡು ಕೊಟ್ಟು ಮಾಡಿಸಿದರೆ ‘ನಾವು’ ಮಾಡಿದ ಹಾಗಾಗಲಿಲ್ಲವಲ್ಲ. ‘ಚರ್ಮತಜ್ಞರು ಪರೀಕ್ಷಿಸಿದ್ದು’, ‘ಹೈಪೋಅಲರ್ಜೆನಿಕ್’ (ಅಲರ್ಜಿ ತರುವ ಸಂಭವ ಕಡಿಮೆ), ‘ನೈಸರ್ಗಿಕ’ ಎಂಬ ಮಾತುಗಳಿಗೂ ಪ್ರಾಣಿಗಳಿಗೂ ಸಂಬಂಧವೇ ಇಲ್ಲ. ‘ವೀಗನ್’ ಎಂದರೆ ಒಳಗೆ ಪ್ರಾಣಿಜನ್ಯ ವಸ್ತು ಇಲ್ಲ ಎಂದಷ್ಟೇ. ಅದನ್ನು ಹೇಗೆ ಪರೀಕ್ಷಿಸಿದರು ಎಂಬುದು ಬೇರೆಯೇ ಮಾತು. ಪ್ರಾಣಿ ಪ್ರಯೋಗ ನಡೆಸದ ಲಿಪ್‌ಸ್ಟಿಕ್‌ನಲ್ಲೂ ಕೀಟದಿಂದ ತೆಗೆದ ಕಾರ್ಮೈನ್ ಬಣ್ಣ ಇರಬಹುದು. ಘಟಕಗಳ ಪಟ್ಟಿಯಲ್ಲಿ ಅದು ಸಿಐ 75470 ಎಂದು ಕಾಣುತ್ತದೆ.

ಎರಡನೆಯದು ಮುದ್ರೆ. ಎಲ್ಲ ಮುದ್ರೆಗಳ ತೂಕ ಒಂದೇ ಅಲ್ಲ. ‘ಲೀಪಿಂಗ್ ಬನ್ನಿ’ ಎಂಬ ಜಿಗಿಯುವ ಮೊಲದ ಮುದ್ರೆ ಪಡೆಯುವ ಕಂಪನಿ ಒಂದು ಗಡುವಿನ ದಿನಾಂಕ ಗೊತ್ತುಮಾಡಿಕೊಳ್ಳಬೇಕು. ಆ ದಿನದ ಬಳಿಕ ಸಿದ್ಧವಸ್ತುವಿನ ಮೇಲಾಗಲಿ ಘಟಕದ ಮೇಲಾಗಲಿ ಪ್ರಾಣಿ ಪ್ರಯೋಗ ನಡೆದಿರಬಾರದು. ಪೂರೈಕೆದಾರರ ಮೇಲೆ ಕಣ್ಣಿಡುವ ವ್ಯವಸ್ಥೆ ಇರಬೇಕು, ಹೊರಗಿನವರ ತಪಾಸಣೆಗೆ ಒಪ್ಪಬೇಕು, ಒಪ್ಪಿಗೆಯನ್ನು ವರ್ಷವರ್ಷವೂ ನವೀಕರಿಸಬೇಕು. ಪ್ರಾಣಿಗಳ ಹಕ್ಕಿಗಾಗಿ ಕೆಲಸ ಮಾಡುವ ಪೆಟಾ ಸಂಸ್ಥೆಯ ಪಟ್ಟಿಯಾದರೋ ಮುಖ್ಯವಾಗಿ ಕಂಪನಿ ಸಹಿ ಹಾಕಿಕೊಡುವ ಹೇಳಿಕೆಯ ಮೇಲೆ ನಿಂತಿದೆ. ಅದು ಸುಳ್ಳೆಂದು ಹೇಳುತ್ತಿಲ್ಲ. ಆದರೆ ಸಹಿ ಬೇರೆ, ತಪಾಸಣೆ ಬೇರೆ. ಎರಡೂ ಸಿಕ್ಕುವ ಕಡೆ ತಪಾಸಣೆಯ ಮುದ್ರೆಯನ್ನೇ ಆರಿಸಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಮುದ್ರೆ ಯಾವುದೇ ಇರಲಿ, ಡಬ್ಬಿಯ ಮೇಲೆ ನೋಡಿ ಸುಮ್ಮನಾಗದೆ ಆ ಸಂಸ್ಥೆಯ ಆನ್‌ಲೈನ್ ಪಟ್ಟಿಯಲ್ಲಿ ಬ್ರ್ಯಾಂಡಿನ ಹೆಸರು ಹುಡುಕಿ. ಚಿತ್ರವಿದ್ದು ಹೆಸರಿಲ್ಲದಿದ್ದರೆ ಆ ಚಿತ್ರಕ್ಕೆ ಬೆಲೆಯಿಲ್ಲ. ಹೆಸರಿಲ್ಲವೆಂದ ಮಾತ್ರಕ್ಕೆ ಪ್ರಯೋಗ ಮಾಡುತ್ತಾರೆ ಎಂದೂ ಅಲ್ಲ. ಸಣ್ಣ ತಯಾರಕರು ಅರ್ಜಿಯನ್ನೇ ಹಾಕಿರಲಿಕ್ಕಿಲ್ಲ.

ಗಡುವಿನ ದಿನಾಂಕ ಏಕೆ ಬೇಕೆಂದು ಹಲವರು ಕೇಳುತ್ತಾರೆ. ಬಹುತೇಕ ಹಳೆಯ ಘಟಕಗಳನ್ನು ಒಂದಲ್ಲ ಒಂದು ಕಾಲದಲ್ಲಿ ಯಾರೋ ಪ್ರಾಣಿಗಳ ಮೇಲೆ ಪ್ರಯೋಗಿಸಿರುತ್ತಾರೆ. ಹಾಗಾಗಿ ‘ಎಂದೂ ಯಾರೂ ಪರೀಕ್ಷಿಸಿಲ್ಲ’ ಎನ್ನುವ ಕಂಪನಿಗಿಂತ ‘ಇಂಥ ದಿನದಿಂದ ಈಚೆಗೆ ಇಲ್ಲ’ ಎನ್ನುವ ಕಂಪನಿಯನ್ನು ನಂಬುವುದು ಮೇಲು.

ಪಟ್ಟಿಯಲ್ಲಿ ಹೆಸರು ಸಿಗದಿದ್ದರೆ ಪತ್ರ ಬರೆಯಬೇಕು. ‘ನಿಮ್ಮದು ಕ್ರುಯಲ್ಟಿ ಫ್ರೀಯೇ?’ ಎಂದು ಕೇಳಿದರೆ ‘ಪ್ರಾಣಿಗಳ ಬಗ್ಗೆ ನಮಗೆ ಅಪಾರ ಕಾಳಜಿಯಿದೆ’ ಎಂಬ ಸಿದ್ಧ ಉತ್ತರ ಬರುತ್ತದೆ. ಹೌದು ಅಥವಾ ಇಲ್ಲ ಎನ್ನಲೇಬೇಕಾದ ಹಾಗೆ ಹೀಗೆ ಕೇಳಿ:

‘ನಿಮ್ಮ ಸಿದ್ಧವಸ್ತುಗಳನ್ನು ನೀವು ಪ್ರಾಣಿಗಳ ಮೇಲೆ ಪರೀಕ್ಷಿಸುತ್ತೀರಾ? ಘಟಕ ಪೂರೈಸುವವರು ಪರೀಕ್ಷಿಸುತ್ತಾರಾ, ಇಲ್ಲವೆಂದು ಅವರಿಂದ ಬರಹದಲ್ಲಿ ಪಡೆದಿದ್ದೀರಾ? ನಿಮ್ಮ ಪರವಾಗಿ ಬೇರೆ ಯಾರಾದರೂ ಪರೀಕ್ಷಿಸುತ್ತಾರಾ? ಯಾವುದೇ ದೇಶದ ಕಾನೂನು ಕೇಳಿದರೆ ಪರೀಕ್ಷೆಗೆ ಒಪ್ಪುತ್ತೀರಾ? ನಿಮ್ಮ ಗಡುವಿನ ದಿನಾಂಕ ಯಾವುದು? ಪ್ರಾಣಿ ಪ್ರಯೋಗದ ಬದಲು ಯಾವ ವಿಧಾನ ಬಳಸುತ್ತೀರಿ?’

ಉತ್ತರ ಬಂದಾಗ ಕೊನೆಯ ಸಾಲಿನಿಂದ ಓದುತ್ತಾ ಬನ್ನಿ. ‘ಕಾನೂನು ಕಡ್ಡಾಯಪಡಿಸಿದ ಕಡೆ ಹೊರತು’ ಎಂಬ ತುಣುಕು ಹೆಚ್ಚಾಗಿ ಅಲ್ಲೇ ಇರುತ್ತದೆ. ಅಂದರೆ ಎಲ್ಲೋ ಒಂದು ಕಡೆ ಪರೀಕ್ಷೆಗೆ ಒಪ್ಪಿದ್ದಾರೆ, ಇಲ್ಲವೇ ಒಪ್ಪಲು ತಯಾರಿದ್ದಾರೆ. ಪೂರೈಕೆದಾರರ ಪ್ರಶ್ನೆಯನ್ನು ಹಾರಿಸಿದ್ದರೆ ಅದೊಂದನ್ನೇ ಮತ್ತೆ ಕೇಳಿ. ಬದಲಿ ವಿಧಾನದ ಪ್ರಶ್ನೆಗೆ ಕೆಲಸ ಬಲ್ಲವರು ಹೆಸರು ಹಿಡಿದು ಉತ್ತರಿಸುತ್ತಾರೆ. ಉದಾಹರಣೆಗೆ ಪರೀಕ್ಷಾ ವಿಧಾನಗಳನ್ನು ಗೊತ್ತುಪಡಿಸುವ ಅಂತರರಾಷ್ಟ್ರೀಯ ಸಂಸ್ಥೆಯಾದ ಒಇಸಿಡಿಯ 439ನೇ ಮಾರ್ಗಸೂಚಿ: ಮನುಷ್ಯರ ಜೀವಕೋಶಗಳಿಂದ ಬೆಳೆಸಿದ ಚರ್ಮದ ಪದರಕ್ಕೆ ವಸ್ತುವನ್ನು ಹಚ್ಚಿ, ಎಷ್ಟು ಕೋಶ ಉಳಿದವು ಎಂದು ಅಳೆಯುತ್ತಾರೆ. ಉಳಿದದ್ದು ಶೇ. 50 ಅಥವಾ ಅದಕ್ಕಿಂತ ಕಡಿಮೆಯಾದರೆ ಆ ವಸ್ತು ಚರ್ಮಕ್ಕೆ ಉರಿ ತರುವಂಥದ್ದು. ಕಣ್ಣಿಗೆ ಇಂಥದ್ದೇ ಇನ್ನೊಂದಿದೆ, 492.

ಚೀನಾದ ವಿಷಯದಲ್ಲಿ ಹಳೆಯ ತಿಳಿವಳಿಕೆ ಇನ್ನೂ ಓಡಾಡುತ್ತಿದೆ. ‘ಅಲ್ಲಿ ಮಾರಿದರೆ ಪ್ರಾಣಿ ಪ್ರಯೋಗ ಆಗಿಯೇ ತೀರಬೇಕು’ ಎಂಬ ಮಾತು ಈಗ ಪೂರ್ತಿ ಸರಿಯಲ್ಲ. 2021ರ ಮೇ 1ರಿಂದ ಶಾಂಪೂ, ಮೇಕಪ್‌ನಂಥ ‘ಸಾಮಾನ್ಯ’ ವಸ್ತುಗಳನ್ನು ಆಮದು ಮಾಡುವವರು ಉತ್ತಮ ತಯಾರಿಕಾ ಪದ್ಧತಿಯ ಸರ್ಕಾರಿ ಪ್ರಮಾಣಪತ್ರವನ್ನೂ ಸುರಕ್ಷತಾ ವರದಿಯನ್ನೂ ಕೊಟ್ಟರೆ ಪ್ರಾಣಿ ಪ್ರಯೋಗದಿಂದ ವಿನಾಯಿತಿ ಪಡೆಯಬಹುದು. ಮಕ್ಕಳ ಉತ್ಪನ್ನಗಳಿಗೆ ಆ ವಿನಾಯಿತಿ ಇಲ್ಲ. ಕೂದಲಿನ ಬಣ್ಣ, ಸನ್‌ಸ್ಕ್ರೀನ್, ಚರ್ಮ ಬೆಳ್ಳಗಾಗಿಸುವ ಕ್ರೀಮ್‌ನಂಥವು ‘ವಿಶೇಷ’ ವರ್ಗದವು. ಈ ವಿನಾಯಿತಿ ಅವುಗಳಿಗೂ ಸಲ್ಲದು. ಹೊರದೇಶದಿಂದ ನೇರವಾಗಿ ಗ್ರಾಹಕರ ಮನೆಗೆ ಕಳಿಸುವ ಆನ್‌ಲೈನ್ ಮಾರಾಟದ ದಾರಿಯೇ ಬೇರೆ, ಅದಕ್ಕೆ ಮಾರುವ ಮುನ್ನ ಅಲ್ಲಿನ ಸರ್ಕಾರದಲ್ಲಿ ಮಾಡಿಸಬೇಕಾದ ನೋಂದಣಿ ಬೇಕಿಲ್ಲ. ಆದ್ದರಿಂದ ‘ಅಲ್ಲಿ ಮಾರುತ್ತೀರಾ?’ ಎಂದಷ್ಟೇ ಕೇಳದೆ ‘ಯಾವ ವಸ್ತು, ಯಾವ ದಾರಿಯಲ್ಲಿ?’ ಎಂದು ಕೇಳಬೇಕು.

ನಿಷೇಧವಿರುವ ಕಡೆಯೂ ಬಿರುಕುಗಳಿವೆ. ಯುರೋಪಿಯನ್ ಒಕ್ಕೂಟದಲ್ಲಿ 2013ರ ಮಾರ್ಚ್ 11ರಿಂದ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟಕ್ಕೂ ನಿಷೇಧವಿದೆ. ಆದರೂ ರಾಸಾಯನಿಕಗಳಿಗೆಂದೇ ಇರುವ ರೀಚ್ ಕಾನೂನು, ಕಾರ್ಖಾನೆಯ ಕೆಲಸಗಾರರ ಸುರಕ್ಷತೆಯ ಹೆಸರಿನಲ್ಲಿ ಅದೇ ಘಟಕದ ಮೇಲೆ ಪ್ರಾಣಿ ಪ್ರಯೋಗ ಕೇಳಬಹುದು. ಸನ್‌ಸ್ಕ್ರೀನ್‌ಗೆ ಬಳಸುವ ಹೋಮೋಸಲೇಟ್ ವಿಷಯದಲ್ಲಿ ಹೀಗೇ ಆಯಿತು: ತಯಾರಕರು ನ್ಯಾಯಾಲಯಕ್ಕೆ ಹೋದರು, 2023ರಲ್ಲಿ ತೀರ್ಪು ಅವರ ವಿರುದ್ಧ ಬಂತು. ಪಾತ್ರೆ ತೊಳೆಯುವ ದ್ರವ, ನೆಲ ಒರೆಸುವ ದ್ರಾವಣಗಳಂತೂ ಸೌಂದರ್ಯವರ್ಧಕ ಕಾನೂನಿನ ಕೆಳಗೆ ಬರುವುದೇ ಇಲ್ಲ. ಅವಕ್ಕೆ ಮುದ್ರೆಯನ್ನೂ ಪತ್ರವನ್ನೂ ಇನ್ನಷ್ಟು ಎಚ್ಚರದಿಂದ ನೋಡಬೇಕು.

ಬ್ರ್ಯಾಂಡಿನ ಹಿಂದಿರುವ ಮಾತೃ ಕಂಪನಿಯ ಬಗ್ಗೆ ಜನ ಒಂದೇ ರೀತಿ ಯೋಚಿಸುವುದಿಲ್ಲ. ಬೇರೆ ಬ್ರ್ಯಾಂಡುಗಳಲ್ಲಿ ಪರೀಕ್ಷೆಗೆ ಒಪ್ಪುವ ಕಂಪನಿಯ ಕೈಕೆಳಗಿದ್ದೂ ತನ್ನ ಮಟ್ಟಿಗೆ ನಿಯಮ ಪಾಲಿಸುವ ಬ್ರ್ಯಾಂಡಿಗೆ ಲೀಪಿಂಗ್ ಬನ್ನಿ ಮುದ್ರೆ ಸಿಗಬಹುದು. ಲಾಭ ಮೇಲಿನವರಿಗೆ ಹೋಗುತ್ತದೆಂದು ಅದನ್ನೂ ಬಿಡುವವರಿದ್ದಾರೆ, ಒಳ್ಳೆಯ ಬ್ರ್ಯಾಂಡ್ ಗೆಲ್ಲಲಿ ಎಂದು ಕೊಳ್ಳುವವರೂ ಇದ್ದಾರೆ. ಎರಡೂ ನ್ಯಾಯವೇ.

ಬಂದ ಉತ್ತರವನ್ನು ತಾರೀಖಿನ ಸಮೇತ ಉಳಿಸಿಡಿ, ವರ್ಷಕ್ಕೊಮ್ಮೆ ಅದನ್ನೇ ಮತ್ತೆ ಕೇಳಿ. ಬ್ರ್ಯಾಂಡನ್ನು ಬೇರೆಯವರು ಕೊಂಡಾಗ, ಹೊಸ ದೇಶದಲ್ಲಿ ಮಾರಾಟ ಶುರುವಾದಾಗ, ಡಬ್ಬಿಯ ಮೇಲೆ ‘ಹೊಸ ಸೂತ್ರ’ ಎಂದು ಕಂಡಾಗ ವರ್ಷ ತುಂಬುವವರೆಗೆ ಕಾಯಬೇಡಿ.