ಆ ಸಂಜೆಯ ತೇರ್ಸ್

2008ರ ಸೆಪ್ಟೆಂಬರ್ 14, ಭಾನುವಾರ. ಬೆಳಿಗ್ಗೆ ಮಂಗಳೂರಿನ ಮಿಲಾಗ್ರಿಸ್ ಬಳಿಯ ಅಡೋರೇಶನ್ ಮಠಕ್ಕೆ ಗುಂಪೊಂದು ನುಗ್ಗಿ ಶಿಲುಬೆ ಮುರಿಯಿತು. ಆರಾಧನೆಗೆ ಇಟ್ಟಿದ್ದ ಪರಮ ಪ್ರಸಾದವನ್ನೂ (ಕ್ರಿಸ್ತನ ಶರೀರವೆಂದು ನಾವು ನಂಬುವ ರೊಟ್ಟಿ) ಬಿಡಲಿಲ್ಲ. ನಾಲ್ಕು ಗೋಡೆಯೊಳಗೆ ಪ್ರಾರ್ಥನೆಯಲ್ಲೇ ಬದುಕುವ ಸಿಸ್ಟರುಗಳ ಮಠ ಅದು. ಕ್ರೈಸ್ತರು ಮತಾಂತರ ಮಾಡುತ್ತಾರೆಂಬುದು ದಾಳಿ ಮಾಡಿದವರ ಆರೋಪ. ಅದಕ್ಕೂ ಈ ಮಠಕ್ಕೂ ಎತ್ತಣಿಂದೆತ್ತ ಸಂಬಂಧ?

ಸಂಜೆಯಾಗುವಷ್ಟರಲ್ಲಿ ಊರು ಕುದಿಯುತ್ತಿತ್ತು. ತಮ್ಮನ ಮೊಬೈಲಿಗೆ ಗೆಳೆಯರ ಕರೆ ಒಂದರ ಹಿಂದೊಂದು: 'ಬಾ, ರಸ್ತೆಗಿಳಿಯೋಣ.' ಅವನು ಚಪ್ಪಲಿ ಮೆಟ್ಟುತ್ತಿದ್ದಾಗ ನಮ್ಮ ಮಾಂಯ್ (ಅಮ್ಮ) ಮನೆಯ ಆಲ್ತಾರಿನ, ಅಂದರೆ ಪ್ರಾರ್ಥನಾ ಪೀಠದ, ಮೇಣದಬತ್ತಿ ಹಚ್ಚಿದಳು. "ತೇರ್ಸ್ ಮುಗಿಸಿ ಹೋಗು ಪುತಾ." ತೇರ್ಸ್ ಎಂದರೆ ಜಪಮಾಲೆ ಹಿಡಿದು ಹೇಳುವ ಪ್ರಾರ್ಥನೆ.

ಕೂತ. ಯೇಸು ಕಲಿಸಿದ 'ಆಮ್ಚ್ಯಾ ಬಾಪಾ' ಪ್ರಾರ್ಥನೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುವ ಸಾಲು ಬಂದಾಗಲೆಲ್ಲ ಅವನ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಜಪಮಾಲೆಯ ಕೊನೆಯ ಹತ್ತು ಮಣಿಗಳ ಪ್ರಾರ್ಥನೆ ಮಠ ಒಡೆದವರಿಗಾಗಿ ಎಂದು ಮಾಂಯ್ ಹೇಳಿದ್ದೇ ತಡ, ಅವನು ಎದ್ದೇಬಿಟ್ಟ. "ಅವರು ಹೊಡೀತಾ ಇರಲಿ, ನಾವು ಅವರಿಗೆ ಪ್ರಾರ್ಥನೆ ಮಾಡ್ತಾ ಇರೋಣವಾ?"

ಅವನ ಸಿಟ್ಟು ನ್ಯಾಯದ್ದೇ. ವೈರಿಯನ್ನು ಪ್ರೀತಿಸು ಎಂಬುದನ್ನು ಸುಮ್ಮನಿರು ಎಂದು ಅರ್ಥ ಮಾಡುವವರು ನಮ್ಮಲ್ಲೇ ಇದ್ದಾರೆ, ನಾನದನ್ನು ಒಪ್ಪಲಾರೆ. ನನಗೆ ಆಗ ನೆನಪಾದವರು ಆಸ್ಟ್ರೇಲಿಯಾದ ಮಿಷನರಿ ಗ್ಲಾಡಿಸ್ ಸ್ಟೇನ್ಸ್. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಅವರ ಗಂಡ ಗ್ರಹಾಂ ಮತ್ತು ಮಕ್ಕಳಾದ ಫಿಲಿಪ್, ತಿಮೋತಿಯನ್ನು ವಾಹನದೊಳಗೆ ಮಲಗಿದ್ದಾಗಲೇ ಸುಟ್ಟರು. ಫಿಲಿಪ್‌ಗೆ ಹತ್ತು ವರ್ಷ, ತಿಮೋತಿಗೆ ಆರು. ಕೊಂದವರನ್ನು ಆ ತಾಯಿ ಕ್ಷಮಿಸಿದರು. ಹಾಗೆಂದು ಕಾನೂನಿಗೆ ಅಡ್ಡ ಬರಲಿಲ್ಲ. ಕೊಲೆಯ ಮುಖ್ಯ ಅಪರಾಧಿ ದಾರಾ ಸಿಂಗ್‌ಗೆ ಜೀವಾವಧಿ ಶಿಕ್ಷೆಯಾಯಿತು. ಗ್ಲಾಡಿಸ್ ಆದರೋ ಒಡಿಶಾದ ಬಾರಿಪದದಲ್ಲೇ ಉಳಿದು ಕುಷ್ಠರೋಗಿಗಳ ಆರೈಕೆಯನ್ನು ವರ್ಷಗಟ್ಟಲೆ ಮುಂದುವರಿಸಿದರು. ಇದನ್ನೆಲ್ಲ ತಮ್ಮನಿಗೆ ಹೇಳಿದೆ. ಅವನು ಉತ್ತರ ಕೊಡಲಿಲ್ಲ, ಹೊರಗೂ ಹೋಗಲಿಲ್ಲ.

ಮುಂದೆ ಈ ದಾಳಿಗಳ ತನಿಖೆಗೆ ಸರಕಾರ ನ್ಯಾಯಮೂರ್ತಿ ಸೋಮಶೇಖರ ಆಯೋಗ ನೇಮಿಸಿತು. ಆ ಬೆಳಿಗ್ಗೆ ಮಠಕ್ಕೇ ಪ್ರಾರ್ಥನೆಗೆ ಹೋಗಿದ್ದ ನಮ್ಮ ಮಾವ್ಶಿ (ಚಿಕ್ಕಮ್ಮ) ಅಫಿಡವಿಟ್ ಕೊಡಲು ಹೊರಟಾಗ ಬರೆದುಕೊಂಡವನು ತಮ್ಮನೇ. ತನಗೆ ಗುಮಾನಿಯಿದ್ದ, ನಮ್ಮ ಬೀದಿಯದೇ ಹುಡುಗನೊಬ್ಬನ ಹೆಸರನ್ನೂ ಸೇರಿಸಿದ್ದ. ಮಾವ್ಶಿ ಕನ್ನಡಕ ಏರಿಸಿಕೊಂಡು ಓದಿ, ಆ ಸಾಲಿನ ಮೇಲೆ ಬೆರಳಿಟ್ಟಳು. "ಇವನನ್ನು ನಾನು ಅಲ್ಲಿ ನೋಡಿಲ್ಲ. ಈ ಸಾಲು ಹೊಡೆದು ಹಾಕು." ಉಳಿದದ್ದರಲ್ಲಿ ಒಂದಕ್ಷರವನ್ನೂ ಮೆದು ಮಾಡಲು ಅವಳು ಬಿಡಲಿಲ್ಲ. ತಮ್ಮ ಇಡೀ ಪುಟವನ್ನು ಮತ್ತೆ ಬರೆದ. ಅವಳು ಸಹಿ ಹಾಕಿದಳು.